ಅಂಗಡಿ ಲೆಕ್ಕ ಎಲ್ಲಿಡೋದು: ಮೇಜಿನ ಕೆಳಗೋ, ಮುಂಬೈಯಲ್ಲೋ?

ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಒಂದು ಅಡಿಕೆ ಮಂಡಿ. ಎರಡು ವರ್ಷದ ಹಿಂದಿನ ಏಪ್ರಿಲ್, ಯುಗಾದಿ ಕಳೆದ ಮೇಲಿನ ಮೊದಲ ಗುಡುಗು ಮಳೆ. ಸಂಜೆ ಏಳಕ್ಕೆ ಯಜಮಾನರ ಫೋನ್ ಬಂತು. “ಸಿಡಿಲು ಹೊಡೀತು ಮಾರಾಯ. ಕಂಪ್ಯೂಟರ್ ಆನೇ ಆಗ್ತಾ ಇಲ್ಲ.”

ಹೋಗಿ ನೋಡಿದೆ. ಯುಪಿಎಸ್‌ಗೆ ಏನೂ ಆಗಿರಲಿಲ್ಲ. ಸಿಡಿಲು ಕರೆಂಟ್ ಲೈನಿನಲ್ಲಿ ಬಂದಿರಲಿಲ್ಲ, ಮಾಡಿನ ಮೇಲಿದ್ದ ಕ್ಯಾಮೆರಾದ ತಂತಿ ಹಿಡಿದು ಒಳಗೆ ಬಂದಿತ್ತು. ರೌಟರ್, ಮದರ್‌ಬೋರ್ಡ್, ಹಾರ್ಡ್ ಡಿಸ್ಕ್ ಮೂರೂ ಹೋಗಿದ್ದವು. “ಬ್ಯಾಕಪ್ ಇದೆ ಅಲ್ವಾ?” ಅಂದೆ. ಮಂಡಿಯ ಲೆಕ್ಕ ಬರೆಯುವ ರೈಟರ್ ಧೈರ್ಯವಾಗಿಯೇ ಇದ್ದರು. “ಇದೆ ಇದೆ, ದಿನಾ ತಗೋತೀನಿ” ಅಂತ ಪೆನ್‌ಡ್ರೈವ್ ತೋರಿಸಿದರು. ಅದು ಅದೇ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿಕೊಂಡಿತ್ತು. ಅದೂ ಸುಟ್ಟಿತ್ತು.

ಆಡಿಟರ್ ಹತ್ತಿರ ಡಿಸೆಂಬರ್ ತನಕದ ಲೆಕ್ಕ ಸಿಕ್ಕಿತು. ಉಳಿದ ನಾಲ್ಕು ತಿಂಗಳದ್ದನ್ನು ಕಾಗದ ನೋಡಿ ಮತ್ತೆ ಕೂರಿಸಿದ್ದು. ಯಾರ ರಾಶಿ ಅಡಿಕೆ ಎಷ್ಟು ಮೂಟೆ, ಯಾರ ಬೆಟ್ಟೆ ಅಡಿಕೆ ಎಷ್ಟು, ಯಾವ ರೈತರಿಗೆ ಎಷ್ಟು ಮುಂಗಡ ಹೋಗಿದೆ. ಮೂರು ವಾರ ಹಿಡಿಯಿತು.

ಆಗ ಬಂದವರೆಲ್ಲ ಹೇಳಿದ್ದು ಒಂದೇ ಮಾತು: “ಕ್ಲೌಡ್‌ಗೆ ಹಾಕಿಬಿಡಿ.” ಯಜಮಾನರು ನನ್ನ ಕಡೆ ತಿರುಗಿ, “ಎಂತದು ಅದು? ಎಷ್ಟಾಗುತ್ತೆ?” ಅಂದರು. ನನಗೆ ತಕ್ಷಣ ಉತ್ತರ ಹೇಳಲಾಗಲಿಲ್ಲ. ಯಾಕೆಂದರೆ ಕ್ಲೌಡ್ ಅನ್ನುವ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಸಾಮಾನು ಮಾರುತ್ತಾರೆ. ಒಂದಕ್ಕೆ ತಿಂಗಳಿಗೆ ನೂರೈವತ್ತು ರೂಪಾಯಿ ಸಾಕು, ಇನ್ನೊಂದಕ್ಕೆ ಒಬ್ಬ ಎಂಜಿನಿಯರ್‌ನ ಸಂಬಳವೂ ಸೇರುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಂಗಡಿ, ಮಿಲ್ಲು, ಹೋಂಸ್ಟೇಗಳಿಗೆ ಇದನ್ನೆಲ್ಲ ಹಾಕಿಕೊಟ್ಟ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಚೇಣಿಯ ಲೆಕ್ಕದಲ್ಲಿ ಹೇಳುವುದಾದರೆ

ಕ್ಲೌಡ್ ಅಂದರೆ ದೂರದ ಊರಿನ ದೊಡ್ಡ ಕಟ್ಟಡದಲ್ಲಿರುವ ಕಂಪ್ಯೂಟರನ್ನು ನೆಟ್ ಮೂಲಕ ಬಾಡಿಗೆಗೆ ಬಳಸುವುದು, ಅಷ್ಟೇ. ಎಷ್ಟು ಭಾಗದ ಕೆಲಸ ಅವರದು, ಎಷ್ಟು ನಮ್ಮದು ಅನ್ನುವುದರಲ್ಲಿ ವ್ಯತ್ಯಾಸ ಇದೆ. ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊನೆ ತೆಗೆಸಿ, ಸುಲಿಸಿ, ಬೇಯಿಸಿ, ಒಣಗಿಸಿ ಎಲ್ಲ ನೀವೇ ಮಾಡಬಹುದು. ಅದು ಅಂಗಡಿಯಲ್ಲೇ ಸ್ವಂತ ಸರ್ವರ್ (ಎಲ್ಲರೂ ಸೇರಿ ಬಳಸುವ ಮುಖ್ಯ ಕಂಪ್ಯೂಟರ್) ಇಟ್ಟುಕೊಂಡ ಹಾಗೆ. ಬೇಯಿಸುವ ಹಂಡೆ, ಒಣಗಿಸುವ ಅಂಗಳ ಮಾತ್ರ ಬೇರೆಯವರದ್ದು ಬಾಡಿಗೆಗೆ ತಗೊಂಡು, ಆಳು ನೀವೇ ಕರೆದುಕೊಂಡು ಹೋಗಬಹುದು. ಅದು ಬರೀ ಸರ್ವರ್ ಬಾಡಿಗೆ. ಇಲ್ಲವೇ ಫಸಲನ್ನೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಸುಮ್ನೆ ಕೂರಬಹುದು. ಅದು ರೆಡಿಮೇಡ್ ಸಾಫ್ಟ್‌ವೇರ್. ತಲೆನೋವು ಕಡಿಮೆ. ಆದರೆ ಹೇಗೆ ಸುಲಿಯಬೇಕು, ಯಾವಾಗ ಸುಲಿಯಬೇಕು ಅಂತ ಚೇಣಿದಾರನಿಗೆ ನೀವು ಹೇಳೋ ಹಾಗಿಲ್ಲ.

ಈ ವ್ಯಾಪಾರ ತುಂಬಾ ಹಳೆಯದೇನಲ್ಲ. ಅಮೆಜಾನ್ 2006ರ ಮಾರ್ಚ್‌ನಲ್ಲಿ ಫೈಲ್ ಇಡುವ ಜಾಗವನ್ನು, ಅದೇ ವರ್ಷ ಆಗಸ್ಟ್‌ನಲ್ಲಿ ಸರ್ವರುಗಳನ್ನು ಬಾಡಿಗೆಗೆ ಕೊಡಲು ಶುರು ಮಾಡಿತು. ಆಮೇಲೆ ಮೈಕ್ರೋಸಾಫ್ಟ್, ಗೂಗಲ್ ಬಂದವು. ನಮಗೆ ಮುಖ್ಯವಾದದ್ದು ಇವರು ಭಾರತಕ್ಕೆ ಬಂದ ವರ್ಷಗಳು: ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬೈ, ಚೆನ್ನೈಗೆ, ಅಮೆಜಾನ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ, ಗೂಗಲ್ 2017ರಲ್ಲಿ ಮುಂಬೈಗೆ. ಅದಕ್ಕೂ ಮುಂಚೆ ನಿಮ್ಮ ಡಾಟಾ ಸಿಂಗಾಪುರಕ್ಕೋ ಅಮೆರಿಕಕ್ಕೋ ಹೋಗಿ ಬರಬೇಕಿತ್ತು. ಈಗಲೂ ಅಗ್ಗ ಅಂತ ಅಮೆರಿಕದ ಸರ್ವರ್ ಕೊಡುವವರಿದ್ದಾರೆ. ಅದರ ಮೇಲೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ನಡೆಸಿದರೆ, ಕೀ ಒತ್ತಿದ ಮೇಲೆ ಅಂಕಿ ಪರದೆಗೆ ಬರೋದನ್ನು ಕಾದು ನೋಡಬೇಕು. ದಿನಕ್ಕೆ ನೂರು ಬಿಲ್ ಹಾಕುವವರಿಗೆ ಹುಚ್ಚು ಹಿಡಿಯುತ್ತದೆ.

ಬರೀ ಜಾಗ ಬಾಡಿಗೆಗೆ

ಗೂಗಲ್ ಡ್ರೈವ್, ಮೈಕ್ರೋಸಾಫ್ಟಿನ ಒನ್‌ಡ್ರೈವ್ ಈ ಗುಂಪಿನವು. ಜಿಮೇಲ್ ಇರುವ ಎಲ್ಲರಿಗೂ 15 ಜಿಬಿ ಪುಕ್ಕಟೆ ಸಿಗುತ್ತದೆ. 100 ಜಿಬಿಗೆ ನಾನು ಕೊನೆಯ ಸಲ ಕಟ್ಟಿದ್ದು ತಿಂಗಳಿಗೆ 130 ರೂಪಾಯಿ. ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ದಿನದ ಕೊನೆಗೆ ಒಂದು ಪ್ರತಿ ಮಾತ್ರ ಊರಾಚೆ ಹೋಗುತ್ತದೆ. ನೆಟ್ ಹೋದರೂ ಅಂಗಡಿ ನಿಲ್ಲುವುದಿಲ್ಲ. ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ಗುಣ ಬೇಕಾ?

ಆದರೆ ಇಲ್ಲಿ ಎರಡು ತಪ್ಪು ಪದೇ ಪದೇ ನೋಡಿದ್ದೇನೆ. ಮೊದಲನೆಯದು, ಟ್ಯಾಲಿಯ ಚಾಲ್ತಿ ಡಾಟಾ ಫೋಲ್ಡರನ್ನೇ ಡ್ರೈವ್ ಒಳಗೆ ಇಟ್ಟುಬಿಡುವುದು. ಟ್ಯಾಲಿ ಬರೆಯುತ್ತಿರುವಾಗಲೇ ಡ್ರೈವ್ ಅದನ್ನು ಎತ್ತಿಕೊಂಡು ಹೋಗಲು ನೋಡುತ್ತದೆ. ಎರಡೂ ಎಳೆದಾಡಿ ಫೈಲ್ ಕೆಡುತ್ತದೆ. ಟ್ಯಾಲಿಯ ಬ್ಯಾಕಪ್ ಆಯ್ಕೆಯಿಂದ ತೆಗೆದ ಫೈಲನ್ನು ಮಾತ್ರ ಅಲ್ಲಿಗೆ ಕಳಿಸಿ. ಎರಡನೆಯದು, ಸಿಂಕ್ ಆಗುವುದನ್ನೇ (ಎರಡೂ ಕಡೆಯ ಫೈಲು ತಾನಾಗಿ ಒಂದೇ ಥರ ಆಗುವುದನ್ನೇ) ಬ್ಯಾಕಪ್ ಅಂದುಕೊಳ್ಳುವುದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ. ವೈರಸ್ ಬಂದು ಫೈಲುಗಳಿಗೆಲ್ಲ ಬೀಗ ಹಾಕಿದರೆ, ಆ ಬೀಗ ಹಾಕಿದ ಫೈಲುಗಳೇ ನಿಯತ್ತಾಗಿ ಮೇಲಕ್ಕೆ ಹೋಗಿ ಕೂರುತ್ತವೆ. ಹಾಗಾಗಿ ಫೈಲಿನ ಹೆಸರಿಗೆ ದಿನಾಂಕ ಸೇರಿಸಿ, ಪ್ರತಿದಿನ ಹೊಸ ಫೈಲ್ ಹಾಕಿ.

ನಿಮ್ಮ ನೆಟ್ಟಿನ ಮೇಲ್ಮುಖ ವೇಗವನ್ನೂ (ಅಪ್‌ಲೋಡ್ ಸ್ಪೀಡ್) ಒಮ್ಮೆ ನೋಡಿಕೊಳ್ಳಿ. 2 ಜಿಬಿ ಫೈಲು 20 ಎಂಬಿಪಿಎಸ್ ಫೈಬರಿನಲ್ಲಿ ಹದಿಮೂರು ಹದಿನಾಲ್ಕು ನಿಮಿಷದಲ್ಲಿ ಹೋಗುತ್ತದೆ. ಹೊಸನಗರದ ಆಚೆ ಎರಡು ಕಡ್ಡಿ ಸಿಗ್ನಲ್ಲಿನಲ್ಲಿ 2 ಎಂಬಿಪಿಎಸ್ ಸಿಕ್ಕರೆ ಎರಡು ಗಂಟೆಗೂ ಜಾಸ್ತಿ. ಅಂಥ ಕಡೆ ರಾತ್ರಿ ಹೊತ್ತು ಕಳಿಸುವ ಹಾಗೆ ಸಮಯ ಹಾಕಿಡಬೇಕು.

ರೆಡಿಮೇಡ್ ಸಾಫ್ಟ್‌ವೇರ್

ಬ್ರೌಸರ್ ತೆರೆದು, ಪಾಸ್‌ವರ್ಡ್ ಹಾಕಿ, ಕೆಲಸ ಮಾಡಿ ಮುಚ್ಚುವ ಜಾತಿ. ಚೆನ್ನೈ ಮೂಲದ ಝೋಹೋ ಕಂಪನಿಯ ಝೋಹೋ ಬುಕ್ಸ್ ಲೆಕ್ಕಕ್ಕೆ ಒಂದು ಉದಾಹರಣೆ. ಹೋಂಸ್ಟೇ ಬುಕಿಂಗ್, ಮೆಡಿಕಲ್ ಶಾಪಿನ ದಾಸ್ತಾನು, ಶಾಲೆಯ ಫೀಸು ಎಲ್ಲಕ್ಕೂ ಈಗ ಇಂಥದ್ದು ಸಿಗುತ್ತದೆ. ಸರ್ವರ್ ಕೊಳ್ಳೋದಿಲ್ಲ, ಅಪ್‌ಡೇಟ್ ಹಾಕೋದಿಲ್ಲ. ಜಿಎಸ್‌ಟಿ ದರ ಬದಲಾದರೆ ಅವರೇ ಬದಲಾಯಿಸುತ್ತಾರೆ. ಯಜಮಾನರು ಬೆಂಗಳೂರಿನ ಮಗಳ ಮನೆಯಲ್ಲಿ ಕೂತು ಅಂಗಡಿಯ ಇವತ್ತಿನ ವ್ಯಾಪಾರ ಫೋನಿನಲ್ಲೇ ನೋಡಬಹುದು.

ಹೊಸದಾಗಿ ಶುರು ಮಾಡುವವರಿಗೆ, ಅದರಲ್ಲೂ ಹೋಂಸ್ಟೇಯವರಿಗೆ, ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಬುಕಿಂಗ್ ಬರುವುದೇ ನೆಟ್ಟಿನಿಂದ, ಹಾಗಾಗಿ ಪುಸ್ತಕವೂ ಅಲ್ಲೇ ಇದ್ದರೆ ಒಂದೇ ಕೋಣೆಯನ್ನು ಇಬ್ಬರಿಗೆ ಕೊಡುವ ಪೇಚಾಟ ತಪ್ಪುತ್ತದೆ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮನ್ನು (ಮೊದಲೆಲ್ಲ ಸಿ ಫಾರ್ಮ್ ಅನ್ನುತ್ತಿದ್ದದ್ದು) ಆನ್‌ಲೈನಿನಲ್ಲೇ ಕೊಡಬೇಕು. ಹೇಗಿದ್ದರೂ ನೆಟ್ ಬೇಕೇ ಬೇಕು. ಆಗುಂಬೆಯಲ್ಲಿ ನಿಜವಾದ ಮೋಡ ಕಿಟಕಿಯೊಳಗೇ ಬರುತ್ತದೆ. ಕ್ಲೌಡ್ ಅನ್ನುವ ಈ ಮೋಡ ಸಿಗ್ನಲ್ ಇದ್ದ ದಿನ ಮಾತ್ರ ಕಾಣುವುದು. ಅದಕ್ಕೇ ಮುಂದಿನ ಒಂದು ವಾರದ ಬುಕಿಂಗ್ ಪಟ್ಟಿಯನ್ನು ಪ್ರತಿ ಸಂಜೆ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಅಡುಗೆಮನೆ ಗೋಡೆಗೆ ಅಂಟಿಸಿ. ತಮಾಷೆಗೆ ಹೇಳುತ್ತಿಲ್ಲ.

ಮಂಡಿಗೆ ಮಾತ್ರ ಇದು ಹೊಂದಲಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೆ ಬೇರೆ ಬೇರೆ ದರ, ಚೀಲದ ತೂಕ ಕಳೆಯುವುದು, ರೈತರ ಮುಂಗಡ, ಅದರ ಬಡ್ಡಿ, ಕಮಿಷನ್. ಯಾವುದೋ ನಗರದಲ್ಲಿ ಕೂತು ಸಾವಿರಾರು ಅಂಗಡಿಗಳಿಗೆ ಒಂದೇ ಸಾಫ್ಟ್‌ವೇರ್ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ನಾವು ಒಂದು ತಿಂಗಳು ನೋಡಿದೆವು. ರೈಟರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಅಸಲಿ ಲೆಕ್ಕ ಅದರಲ್ಲಿ ಬರೆಯತೊಡಗಿದರು. ಹಾಗಾದರೆ ಸಾಫ್ಟ್‌ವೇರ್ ಸೋತಿತು ಅಂತಲೇ ಅರ್ಥ. ನಿಮ್ಮಲ್ಲೂ ನೋಟ್‌ಬುಕ್ ಕಾಣಿಸಿಕೊಂಡರೆ ದುಡ್ಡು ಕಟ್ಟುವ ಮುಂಚೆ ಯೋಚನೆ ಮಾಡಿ.

ದರ ಆಳಿನ ಲೆಕ್ಕದಲ್ಲಿ ಇರುತ್ತದೆ. ಇದು ಮೊದಲಿಗೆ ಚಿಕ್ಕದಾಗಿ ಕಾಣುತ್ತದೆ. ಒಬ್ಬರಿಗೆ ತಿಂಗಳಿಗೆ 800 ರೂಪಾಯಿ ಅಂತಿಟ್ಟುಕೊಳ್ಳಿ. ನಾಲ್ಕು ಜನಕ್ಕೆ ವರ್ಷಕ್ಕೆ 38,400. ಐದು ವರ್ಷಕ್ಕೆ 1,92,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಜಿಎಸ್‌ಟಿ ನೋಂದಣಿ ಇದ್ದವರು ಆ ತೆರಿಗೆಯನ್ನು ಸಾಮಾನ್ಯವಾಗಿ ವಾಪಸ್ ಹಿಡಿದುಕೊಳ್ಳಬಹುದು, ಆಡಿಟರನ್ನು ಕೇಳಿ. ಸ್ವಂತ ಕಂಪ್ಯೂಟರಿಗೆ ಹೋಲಿಸುವಾಗ ಐದು ವರ್ಷದ್ದನ್ನೇ ಹೋಲಿಸಿ. ಕಂಪ್ಯೂಟರಿನ ಕಡೆಗೆ ಯುಪಿಎಸ್ ಬ್ಯಾಟರಿ, ರಿಪೇರಿಯವನ ಚಾರ್ಜು, ನಿಂತ ದಿನದ ನಷ್ಟ ಕೂಡ ಬರೆಯಿರಿ. ಎಷ್ಟೋ ಸಲ ಎರಡೂ ಹತ್ತಿರ ಹತ್ತಿರ ಬರುತ್ತವೆ. ಉಳಿತಾಯ ಆಗುತ್ತದೆ ಅಂತ ಮಾತ್ರ ಕ್ಲೌಡಿಗೆ ಹೋಗಬೇಡಿ.

ಟ್ಯಾಲಿಯನ್ನೇ ದೂರದ ಸರ್ವರಿನಲ್ಲಿ

ಇದು ನಡುವಿನ ದಾರಿ. ನಿಮಗೆ ಗೊತ್ತಿರುವ ಅದೇ ಟ್ಯಾಲಿ, ಆದರೆ ಓಡುವುದು ಇನ್ನೊಂದು ಊರಿನ ಕಂಪ್ಯೂಟರಿನಲ್ಲಿ. ನಿಮ್ಮ ಪರದೆಗೆ ಚಿತ್ರ ಮಾತ್ರ ಬರುತ್ತದೆ. ಟ್ಯಾಲಿ ಕಂಪನಿಯೇ ಅಮೆಜಾನ್ ಸರ್ವರಿನ ಮೇಲೆ ಇಂಥ ಸೇವೆ ಕೊಡುತ್ತದೆ, ಬೇರೆಯವರೂ ಬೇಕಾದಷ್ಟು ಜನ ಇದ್ದಾರೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಅಂಗಡಿ, ಸಾಗರದಲ್ಲಿ ಇನ್ನೊಂದು, ಭದ್ರಾವತಿಯಲ್ಲಿ ಗೋಡೌನು ಇದ್ದರೆ ಇದು ಸರಿಯಾದ ಆಯ್ಕೆ. ಮೂರೂ ಕಡೆಯವರು ಒಂದೇ ಪುಸ್ತಕದಲ್ಲಿ ಬರೆಯುತ್ತಾರೆ. ಪೆನ್‌ಡ್ರೈವ್ ಬಸ್ಸಿನಲ್ಲಿ ಓಡಾಡುವುದು ನಿಲ್ಲುತ್ತದೆ.

ನನಗೆ ಕಹಿ ಅನುಭವ ಆಗಿದ್ದೂ ಇಲ್ಲೇ. ಒಬ್ಬ ಗಿರಾಕಿಗೆ ದರ ಕಡಿಮೆ ಅಂತ ಒಬ್ಬರ ಹತ್ತಿರ ಸರ್ವರ್ ಕೊಡಿಸಿದೆ. ಹೆಸರು ಬೇಡ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಒಂದು ಸೋಮವಾರ ಬೆಳಗ್ಗೆ ಲಾಗಿನ್ ಆಗಲಿಲ್ಲ. ಫೋನ್ ಎತ್ತಲಿಲ್ಲ. ಸರ್ವರ್ ಕೊಟ್ಟವರು ತಮ್ಮ ಮೇಲಿನವರಿಗೆ ಕಟ್ಟಬೇಕಾದ ಬಾಡಿಗೆ ಕಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮ ಗಿರಾಕಿ ಮಾತ್ರ ತಿಂಗಳು ತಿಂಗಳು ಸರಿಯಾಗಿ ಕಟ್ಟಿದ್ದರು. ಡಾಟಾ ಕೈಗೆ ಬಂದಿದ್ದು ಒಂಬತ್ತನೆಯ ದಿನ. ಆ ಒಂಬತ್ತು ದಿನ ನಾನು ಆ ಅಂಗಡಿ ಮುಂದೆ ಗಾಡಿ ಓಡಿಸಲಿಲ್ಲ, ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದೆ.

ಅವತ್ತಿನಿಂದ ನನ್ನದು ಎರಡು ಹಟ. ಖಾತೆ ಗಿರಾಕಿಯ ಹೆಸರಿನಲ್ಲೇ ಇರಬೇಕು, ಒಟಿಪಿ ಅವರ ಫೋನಿಗೇ ಬರಬೇಕು. ಕಂಪ್ಯೂಟರ್ ಹುಡುಗನ ಫೋನಿಗಲ್ಲ, ಅಂದರೆ ನನ್ನ ಫೋನಿಗೂ ಅಲ್ಲ. ಮತ್ತು ವಾರಕ್ಕೊಮ್ಮೆ ಒಂದು ಪ್ರತಿ ಅಂಗಡಿಯ ಕಂಪ್ಯೂಟರಿಗೆ ಇಳಿಯಲೇಬೇಕು.

ಇನ್ನೊಂದು ಮಾತು. ಕೆಲವರು ದೂರದಿಂದ ಕಂಪ್ಯೂಟರ್ ನಡೆಸುವ ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟು ‘1234’ ಥರದ ಪಾಸ್‌ವರ್ಡ್ ಇಡುತ್ತಾರೆ. ಅಂಥ ಸರ್ವರುಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸುವುದೇ ಕಳ್ಳರ ದಿನನಿತ್ಯದ ಕೆಲಸ, ಅದನ್ನು ಮಾಡುವುದೂ ಯಂತ್ರಗಳೇ. ವಿಪಿಎನ್ (ನಿಮ್ಮವರಿಗೆ ಮಾತ್ರ ತೆರೆಯುವ ಖಾಸಗಿ ದಾರಿ) ಮೂಲಕ ಮಾತ್ರ ಒಳಗೆ ಬಿಡುತ್ತೀರಾ ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ನೋಡಿ.

ಬರೀ ಸರ್ವರ್

ಅಮೆಜಾನ್, ಮೈಕ್ರೋಸಾಫ್ಟಿನ ಅಝೂರ್, ಗೂಗಲ್ ಕ್ಲೌಡ್. ನೀವು ಸ್ವಂತ ಸಾಫ್ಟ್‌ವೇರ್ ಬರೆಸಿದ್ದು, ಅದನ್ನು ನೋಡಿಕೊಳ್ಳಲು ಒಬ್ಬ ಕಾಯಂ ಮನುಷ್ಯ ಇದ್ದರೆ ಮಾತ್ರ ಇತ್ತ ಬನ್ನಿ. ಕಟ್ಟಡ, ಕರೆಂಟು, ಯಂತ್ರ ಅವರ ಜವಾಬ್ದಾರಿ. ಒಳಗೆ ಹಾಕಿದ ಸಾಫ್ಟ್‌ವೇರ್, ಪಾಸ್‌ವರ್ಡ್, ಬ್ಯಾಕಪ್ ನಿಮ್ಮ ಜವಾಬ್ದಾರಿ. ಇದನ್ನು ಅವರು ಕರಾರಿನಲ್ಲೇ ಬರೆದಿರುತ್ತಾರೆ, ನಾವು ಓದುವುದಿಲ್ಲ ಅಷ್ಟೇ.

ಬಿಲ್ ಕರೆಂಟ್ ಮೀಟರಿನ ಹಾಗೆ ಓಡುತ್ತದೆ. ಬಳಸದಿದ್ದರೂ ಆನ್ ಇದ್ದರೆ ಓಡುತ್ತದೆ. ನಾನೇ ಒಂದು ದೀಪಾವಳಿಗೆ ಪರೀಕ್ಷೆಗೆ ಅಂತ ಒಂದು ಸರ್ವರ್ ಹಚ್ಚಿ, ಊರಿಗೆ ಹೋಗಿ ಮರೆತೆ. ಹಬ್ಬದ ಪಟಾಕಿಗಿಂತ ಜಾಸ್ತಿ ಆಗಿತ್ತು ಬಿಲ್ಲು. ಡಾಟಾ ಒಳಗೆ ಹಾಕುವುದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಹೊರಗೆ ತೆಗೆಯಲು ಇದೆ. ಅಮೆಜಾನ್ ತಿಂಗಳಿಗೆ ಮೊದಲ 100 ಜಿಬಿ ಬಿಡುತ್ತದೆ, ಆಮೇಲೆ ಜಿಬಿ ಲೆಕ್ಕ. ಖಾತೆ ತೆರೆದ ದಿನವೇ ‘ಇಷ್ಟು ದಾಟಿದರೆ ಮೆಸೇಜ್ ಕಳಿಸು’ ಅನ್ನುವ ಎಚ್ಚರಿಕೆ ಹಾಕಿಡಿ. ಅದು ಎಚ್ಚರಿಸುತ್ತದೆ, ತಾನಾಗಿ ಆಫ್ ಮಾಡುವುದಿಲ್ಲ, ನೆನಪಿರಲಿ. ಮೂರು ಕಂಪನಿಗಳಲ್ಲಿ ಯಾವುದು ಒಳ್ಳೆಯದು ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಅಳತೆಯ ವ್ಯಾಪಾರಕ್ಕೆ ಆ ಪ್ರಶ್ನೆಯೇ ದೊಡ್ಡದಲ್ಲ. ನಿಮ್ಮ ಹುಡುಗನಿಗೆ ಯಾವುದು ಗೊತ್ತೋ ಅದು.

ಎಲ್ಲದಕ್ಕೂ ಹಾಕಬೇಕಾದ ಪರೀಕ್ಷೆ

ಕಂಪನಿಗಳು ‘99.9 ಪರ್ಸೆಂಟ್ ಸಮಯ ನಡೆಯುತ್ತದೆ’ ಅಂತ ಬರೆದಿರುತ್ತವೆ. ಅಂದರೆ ತಿಂಗಳಿಗೆ ಸುಮಾರು 43 ನಿಮಿಷ ನಿಲ್ಲಬಹುದು. ಓದಲು ಚೆನ್ನಾಗಿದೆ. ಆದರೆ ಜುಲೈಯಲ್ಲಿ ಮರ ಬಿದ್ದು ಫೈಬರ್ ತುಂಡಾದರೆ, ಲೈನ್‌ಮನ್ ಬರುವ ತನಕ ಮುಂಬೈಯ ಸರ್ವರ್ ನಡೆದರೇನು ಬಿಟ್ಟರೇನು? ನಮ್ಮ ಕಡೆ ಸರಪಳಿ ತುಂಡಾಗುವುದು ಈ ತುದಿಯಲ್ಲಿ. ಹಾಗಾಗಿ ಕ್ಲೌಡಿಗೆ ಇಡುವ ದುಡ್ಡಿನಲ್ಲಿ ಸ್ವಲ್ಪ ಇತ್ತ ಹಾಕಿ. ಫೈಬರ್ ಒಂದು ಕಂಪನಿಯದಾದರೆ, ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕುವ ರೌಟರ್. ಎರಡೂ ಪೆಟ್ಟಿಗೆಗೆ ಒಂದು ಚಿಕ್ಕ 12 ವೋಲ್ಟಿನ ಯುಪಿಎಸ್. ಕಂಪ್ಯೂಟರಿಗೆ ದೊಡ್ಡ ಯುಪಿಎಸ್ ಇಟ್ಟು, ಫೈಬರ್ ಪೆಟ್ಟಿಗೆಯನ್ನು ನೇರ ಕರೆಂಟಿಗೆ ಚುಚ್ಚಿದ ಅಂಗಡಿಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ದೊಡ್ಡ ಕಂಪನಿಯಲ್ಲಿಟ್ಟರೆ ಏನೂ ಆಗುವುದಿಲ್ಲ ಅನ್ನುವ ನಂಬಿಕೆಯೂ ಬೇಡ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡಾಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ ಇಟ್ಟಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು. ನಮ್ಮ ಮಂಡಿಯ ಪೆನ್‌ಡ್ರೈವ್ ಕಥೆಯೇ, ಅಳತೆ ಮಾತ್ರ ದೊಡ್ಡದು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ಸಂಸ್ಥೆಯ ಗೂಗಲ್ ಕ್ಲೌಡಿನಲ್ಲಿದ್ದ ವ್ಯವಸ್ಥೆ ಒಂದು ತಪ್ಪು ಸೆಟ್ಟಿಂಗಿನಿಂದ ಅಳಿದುಹೋಯಿತು. ಬೇರೆ ಕಡೆ, ಇನ್ನೊಂದು ಕಂಪನಿಯ ಹತ್ತಿರವೂ, ಪ್ರತಿ ಇಟ್ಟಿದ್ದಕ್ಕೆ ಅವರು ಬಚಾವಾದರು.

ಕಾನೂನಿನ ವಿಷಯ ಚಿಕ್ಕದಾಗಿ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2025-26ರದ್ದಕ್ಕೆ ಕೊನೆಯ ದಿನ 2026ರ ಡಿಸೆಂಬರ್ 31 ಅಂದರೆ, 2032ರ ಡಿಸೆಂಬರ್ ತನಕ ತೆರೆಯುವ ಸ್ಥಿತಿಯಲ್ಲಿರಬೇಕು. ಬಾಡಿಗೆ ನಿಲ್ಲಿಸಿದ ಮೇಲೆ ಹಳೆಯ ಲೆಕ್ಕ ಯಾವ ರೂಪದಲ್ಲಿ ಕೊಡುತ್ತೀರಿ ಅಂತ ಈಗಲೇ ಬರೆಸಿಕೊಳ್ಳಿ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರು ಲೆಕ್ಕದ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕು, ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿ ಹಾಗೆ ಹೇಳುತ್ತದೆ. ಅತಿಥಿಗಳ ಆಧಾರ್ ಪ್ರತಿಯನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಫೋನಿನಲ್ಲೇ ಬಿಡುವ ಹೋಂಸ್ಟೇಯವರಿಗೂ ಒಂದು ಮಾತು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿ ಯಾರ ಸರ್ವರಿನಲ್ಲೇ ಇದ್ದರೂ ಹೊಣೆ ಅದನ್ನು ಕೇಳಿ ಪಡೆದವರದ್ದು.

ಮಂಡಿ ಕೊನೆಗೆ ಏನು ಮಾಡಿತು? ಟ್ಯಾಲಿ ಯಾರ್ಡಿನ ಹೊಸ ಕಂಪ್ಯೂಟರಿನಲ್ಲೇ ಉಳಿಯಿತು. ದಿನಾ ಸಂಜೆ ಒಂದು ಫೈಲು ಗೂಗಲ್ ಡ್ರೈವಿಗೆ ಹೋಗುತ್ತದೆ. ಶನಿವಾರ ಒಂದು ಫೈಲು ಹೊರಗಿನ ಡಿಸ್ಕಿಗೆ, ಆ ಡಿಸ್ಕು ಯಜಮಾನರ ಮನೆಯ ಬೀರುವಿಗೆ. ಕ್ಯಾಮೆರಾದ ತಂತಿಯನ್ನು ಕಂಪ್ಯೂಟರಿನ ಜಾಲದಿಂದ ಬೇರೆ ಮಾಡಿದೆವು. ಖರ್ಚು ಅವರು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ ಆಯಿತು. “ಇಷ್ಟೇನಾ ಕ್ಲೌಡು?” ಅಂತ ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಮೂರು ತಿಂಗಳಿಗೊಮ್ಮೆ ನಾನು ಹೋದಾಗ, ರೈಟರ್ ಡ್ರೈವಿನಿಂದ ಯಾವುದಾದರೂ ಒಂದು ದಿನದ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿ ತೆರೆದು ತೋರಿಸಬೇಕು. ನಾನು ಒಬ್ಬ ರೈತರ ಹೆಸರು ಹೇಳುತ್ತೇನೆ, ಅವರು ಮುಂಗಡದ ಬಾಕಿ ಓದುತ್ತಾರೆ. ಹೋದ ಸಲ ಫೈಲು ತೆರೆಯಲಿಲ್ಲ. ನೋಡಿದರೆ ಹನ್ನೊಂದು ದಿನದಿಂದ ಡ್ರೈವ್ ತುಂಬಿ ಏನೂ ಹೋಗುತ್ತಲೇ ಇರಲಿಲ್ಲ, ಕೊನೆಯ ಫೈಲು ಅರ್ಧಕ್ಕೆ ನಿಂತಿತ್ತು. ಹಳೆಯ ಫೈಲುಗಳಲ್ಲಿ ತಿಂಗಳಿಗೊಂದು ಉಳಿಸಿ ಮಿಕ್ಕವನ್ನು ತೆಗೆದೆವು, 100 ಜಿಬಿಗೆ ದುಡ್ಡು ಕಟ್ಟಿದೆವು. ರೈಟರ್ ತಮ್ಮ ನೋಟ್‌ಬುಕ್ಕಿನಲ್ಲಿ ಹೊಸದೊಂದು ಸಾಲು ಗೀಟು ಹಾಕಿಕೊಂಡರು: ದಿನಾಂಕ, ಫೈಲಿನ ಗಾತ್ರ, ಸಹಿ.